ಟರ್ಬೈನ್ ಹಳೆಯದಾದ್ರೂ ನಡೀತದೆ, ಕಂಟ್ರೋಲ್ ರೂಮ್ ಹಳೆಯದಾದ್ರೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಮಳೆಗೆ ಕರೆಂಟ್ ಹೋದ್ರೆ ಹೆಚ್ಚಾಗಿ ಕಾರಣ ತಂತಿ ಮೇಲೆ ಬಿದ್ದ ಮರದ ಗೆಲ್ಲು. ಇವತ್ತು ನಾನು ಹೇಳುವುದು ತಂತಿಯ ಇನ್ನೊಂದು ತುದಿಯ ವಿಷಯ. ಕರೆಂಟ್ ಹುಟ್ಟುವಲ್ಲಿನ ಕಂಟ್ರೋಲ್ ರೂಮ್.

ನಮ್ಮ ಪೇಟೆಗಳೂ ಸೇರಿರುವ ರಾಜ್ಯದ ಗ್ರಿಡ್‌ಗೆ ಕರೆಂಟ್ ಕೊಡುವ ಶರಾವತಿ ವಿದ್ಯುದಾಗಾರವನ್ನೇ ತಗೊಳ್ಳಿ. 10 ಯೂನಿಟ್, ಒಂದೊಂದು 103.5 ಮೆಗಾವ್ಯಾಟ್, ಒಟ್ಟು 1,035. ಶುರುವಾದದ್ದು 1960ರ ದಶಕದಲ್ಲಿ. ರಭಸದಿಂದ ಚಿಮ್ಮುವ ನೀರು ಪೆಲ್ಟನ್ ಚಕ್ರದ ಬಟ್ಟಲುಗಳಿಗೆ ಹೊಡೀತದೆ, ಚಕ್ರ ತಿರುಗ್ತದೆ. ಆ ಕಬ್ಬಿಣ ಗಟ್ಟಿ. ರಿಪೇರಿ ಮಾಡ್ತಾ ಹೋದ್ರೆ ದಶಕಗಟ್ಟಲೆ ಬಾಳ್ತದೆ.

ಆದ್ರೆ ಎಷ್ಟು ನೀರು ಬಿಡಬೇಕು ಅಂತ ನೋಡಿಕೊಳ್ಳುವುದು ಗವರ್ನರ್. ನಮ್ಮ ಗ್ರಿಡ್ 50 ಹರ್ಟ್ಸ್‌ನ ಆಸುಪಾಸಿನಲ್ಲೇ ಇರಬೇಕು. ಬಳಕೆ ಏರಿದಾಗ ಯಂತ್ರದ ವೇಗ ಇಳೀತದೆ, ಗವರ್ನರ್ ನೀರು ಜಾಸ್ತಿ ಮಾಡ್ತದೆ. ಎಡವಟ್ಟಾದ್ರೆ ಯಂತ್ರವನ್ನು ಗ್ರಿಡ್‌ನಿಂದ ಬಿಡಿಸುವ ಆದೇಶ ಕೊಡುವುದು ರಿಲೇ. ಹಿಂದೆ ಗವರ್ನರ್ ಅಂದ್ರೆ ತಿರುಗುವ ಗುಂಡುಗಳು, ಈಗ ಚಿಪ್. ಚಿಪ್ಪಿಗೆ ಕಬ್ಬಿಣದಷ್ಟು ಆಯಸ್ಸಿಲ್ಲ ಮಾರಾಯ್ರೆ. ಕೆಲವು ವರ್ಷ ಕಳೆದ್ರೆ ಬಿಡಿಭಾಗ ಸಿಗುವುದಿಲ್ಲ, ಅಪ್‌ಡೇಟ್ ಬರುವುದಿಲ್ಲ. ಥೇಟ್ ನಿಮ್ಮ ಹಳೇ ಫೋನಿನ ಹಾಗೆ.

2016ರ ಫೆಬ್ರವರಿಯಲ್ಲಿ ಶರಾವತಿಯ ಕಂಟ್ರೋಲ್ ರೂಮ್‌ಗೆ ಬೆಂಕಿ ಬಿತ್ತು. ಕೇಬಲ್, ಪ್ಯಾನೆಲ್‌ಗಳು ಸುಟ್ಟವು. ಅಷ್ಟೂ ಯೂನಿಟ್ ನಿಂತವು. ಅಣೆಕಟ್ಟಿನಲ್ಲಿ ನೀರಿದ್ದು ಏನು ಪ್ರಯೋಜನ, ಅದನ್ನು ಕರೆಂಟ್ ಮಾಡುವ ನರವೇ ಸುಟ್ಟಿತ್ತು.

ಹಾಗಾದ್ರೆ ಎಲ್ಲವನ್ನೂ ಕಂಪ್ಯೂಟರ್‌ಗೆ ಹಾಕಿದ್ರೆ ಮುಗೀತಾ? ಇಲ್ಲ. 2015ರ ಡಿಸೆಂಬರ್‌ನಲ್ಲಿ ಉಕ್ರೇನಿನ ವಿತರಣಾ ಕಂಪನಿಗಳ ಕಂಪ್ಯೂಟರ್‌ಗೆ ಹ್ಯಾಕರ್‌ಗಳು ನುಗ್ಗಿ ಸಬ್‌ಸ್ಟೇಷನ್‌ಗಳನ್ನು ಆಫ್ ಮಾಡಿದ್ರು. ಸುಮಾರು 2.25 ಲಕ್ಷ ಗ್ರಾಹಕರಿಗೆ ಕತ್ತಲೆ. ಕೆಲವೇ ಗಂಟೆಗಳಲ್ಲಿ ಕರೆಂಟ್ ಬಂತು. ಹೇಗೆ? ಸಿಬ್ಬಂದಿ ಸಬ್‌ಸ್ಟೇಷನ್‌ಗೇ ಹೋಗಿ ಬ್ರೇಕರ್‌ಗಳನ್ನು ಕೈಯಿಂದಲೇ ಆನ್ ಮಾಡಿದ್ರು.

ಹಾಗಾಗಿ ಸ್ಥಾವರದ ನವೀಕರಣ ಅಂದ್ರೆ ಹೊಸ ಸ್ಕ್ರೀನ್ ಕೂರಿಸುವುದು ಮಾತ್ರ ಅಲ್ಲ. ಒಂದೊಂದೇ ಯೂನಿಟ್ ನಿಲ್ಲಿಸಿ ಬದಲಿಸಬೇಕು, ಉಳಿದವು ಓಡ್ತಾ ಇರಬೇಕು. ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಬ್ಬದ ಹಾಗೆ ಕೇಬಲ್ ಬೇರೆ ಬೇರೆ ಇರಬೇಕು. ಕಂಟ್ರೋಲ್ ನೆಟ್‌ವರ್ಕ್ ಇಂಟರ್‌ನೆಟ್‌ನಿಂದ ದೂರ ಇರಬೇಕು. ಮುಖ್ಯವಾಗಿ, ಕೈಯಿಂದ ನಡೆಸುವ ದಾರಿಯೂ ಉಳೀಬೇಕು, ಅದು ಗೊತ್ತಿರುವ ಜನವೂ ಉಳೀಬೇಕು.

ಮೂಡುಬಿದಿರೆಯಲ್ಲಿ ಎಲೆಕ್ಟ್ರಿಕಲ್ ಓದುವವರು ಇದನ್ನು ಕೇಳ್ತಾ ಇದ್ರೆ ಒಂದು ಮಾತು: ಕೋಡಿಂಗ್ ಕಲೀರಿ, ಜೊತೆಗೆ ಹಳೇ ಪ್ಯಾನೆಲ್‌ನ ವೈರಿಂಗ್ ಡ್ರಾಯಿಂಗ್ ಓದಲಿಕ್ಕೂ ಕಲೀರಿ. ಎರಡೂ ಬರುವವರು ಈ ಕೆಲಸಕ್ಕೆ ಬೇಕು.