ದ್ವೀಪದ ದ್ರಾಕ್ಷಿ
ನಾನಾ ದ್ವೀಪಗಳ ದ್ರಾಕ್ಷಾಮದ್ಯವನ್ನು ಬಟ್ಟಲುಗಳಲ್ಲಿ ಸಾಲಾಗಿರಿಸಿ, ಹತ್ತು ಮಂದಿ ಒಟ್ಟಿಗೆ ಕುಳಿತು ರುಚಿ ನೋಡುವ ವಾಡಿಕೆ ಪಾಶ್ಚಾತ್ಯರಲ್ಲುಂಟು. ಆ ಬಟ್ಟಲನ್ನು ಮುಟ್ಟದವರಿಗೂ ಅದರ ಹಿಂದಿನ ಕಥೆ ಸ್ವಾರಸ್ಯವಾದುದು.

ಗ್ರೀಸಿನ ಸ್ಯಾಂಟೊರಿನಿಯ ಹಳೆಯ ತೋಟಗಳಲ್ಲಿ ಚಪ್ಪರವಿಲ್ಲ. ಬಿರುಗಾಳಿಗೆ ಸಿಕ್ಕದಂತೆ ರೈತನು ಬಳ್ಳಿಯನ್ನು ನೆಲದ ಮೇಲೆಯೇ ಬುಟ್ಟಿಯಾಗಿ ಹೆಣೆಯುತ್ತಾನೆ. ಗೊಂಚಲು ಅದರೊಳಗೆ ಮಾಗುತ್ತದೆ.

ಸ್ಪೇನಿಗೆ ಸೇರಿದ ಲಾನ್ಸರೋಟೆಯ ಫಲವತ್ತಾದ ಹೊಲಗಳನ್ನು 1730ರಿಂದ 1736ರವರೆಗೆ ಉಕ್ಕಿದ ಜ್ವಾಲಾಮುಖಿಯು ಬೂದಿಯಲ್ಲಿ ಹೂತಿತು. ರೈತರು ಎದೆಗುಂದಲಿಲ್ಲ, ಕುಳಿ ತೋಡಿ, ಕೆಳಗಿನ ಮಣ್ಣಿನಲ್ಲಿ ಬಳ್ಳಿ ನೆಟ್ಟರು. ಮಳೆ ಅಪರೂಪವಾದ ಆ ನೆಲದಲ್ಲಿ ಬೂದಿಯೇ ತೇವವನ್ನು ಹಿಡಿದಿಟ್ಟು ಬೇರಿಗೆ ಉಣಿಸುತ್ತದೆ.

ಗಾಳಿಯನ್ನೂ ಬೆಂಕಿಯನ್ನೂ ಜಯಿಸಿದ ದ್ವೀಪದ ಬಳ್ಳಿಗೆ ಇಂದು ಹೊಸ ಶತ್ರು ಹುಟ್ಟಿದೆ. ಸ್ಯಾಂಟೊರಿನಿಯ ತೋಟಗಳನ್ನು ಪ್ರವಾಸಿಗಳ ವಸತಿಗೃಹಗಳು ನುಂಗುತ್ತಿವೆ. ಕಟ್ಟಡಗಳಿಂದ ಅದನ್ನು ಯಾವ ಬುಟ್ಟಿ ಕಾದೀತು?