ಜೋಳದ ಹೊಲದ ರೆಕ್ಕೆಯಿಲ್ಲದ ಮಿಡತೆ

ಕೆಂಗೇರಿಯ ಕಡೆಯ ರಾಗಿಯ ಸೀಮೆಯಿಂದ ಧಾರವಾಡ, ಬಳ್ಳಾರಿಗಳ ಜೋಳದ ಸೀಮೆಗೆ ಮಳೆಗಾಲದ ಕೊನೆಯಲ್ಲಿ ಪ್ರಯಾಣಮಾಡುವವರಿಗೆ ಹೊಲಗಳಲ್ಲಿ ಒಂದು ವಿಚಿತ್ರ ಕೀಟವು ಕಾಣಸಿಗಬಹುದು. ಆಕಾರದಲ್ಲಿ ಅದು ಮಿಡತೆಯೇ. ಆದರೆ ಬೆನ್ನಮೇಲೆ ರೆಕ್ಕೆಗಳಿಲ್ಲ. ಇನ್ನೂ ಮರಿಯೆಂದೂ, ರೆಕ್ಕೆ ಬಂದೊಡನೆ ಹಾರಿಹೋಗುವುದೆಂದೂ ನೋಡಿದವರು ಭಾವಿಸುವುದು ಸಹಜ. ಹಾಗೆಂದು ಸುಮ್ಮನಿದ್ದರೆ ಬೆಳೆಗೆ ಹಾನಿ. ಗಂಡಾಗಲಿ ಹೆಣ್ಣಾಗಲಿ, ಈ ಜಾತಿಗೆ ಎಂದಿಗೂ ರೆಕ್ಕೆ ಮೂಡುವುದಿಲ್ಲ.

1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೀಟಶಾಸ್ತ್ರಜ್ಞರಾಗಿ ಬಂದು, 1913ರಲ್ಲಿ ವ್ಯವಸಾಯದ ಇಲಾಖೆಯ ಡೈರೆಕ್ಟರಾದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಇದನ್ನು ವಿಶೇಷವಾಗಿ ಪರಿಶೀಲಿಸಿದರು. ಸ್ಪೇನ್ ದೇಶದ ವಿದ್ವಾಂಸರಾದ ಬೊಲಿವಾರರು 1910ರಲ್ಲಿ ಇದಕ್ಕೆ ಕೋಲ್ಮೇನಿಯಾ ಎಂದು ಹೆಸರಿಟ್ಟರು. ಪೈರು ತಿನ್ನುವ ಹುಳುವಿಗೆ ತನ್ನ ಹೆಸರು ಬರುವುದು ಕೀಟಶಾಸ್ತ್ರಜ್ಞನಿಗೆ ಮಾತ್ರ ಮರ್ಯಾದೆಯಾದೀತು.

ಇದಕ್ಕೆ ವರ್ಷಕ್ಕೆ ಒಂದೇ ಪೀಳಿಗೆ. ಹೆಣ್ಣು ನೆಲದೊಳಗೆ ಇಟ್ಟ ಮೊಟ್ಟೆಗಳು ಬೇಸಗೆಯನ್ನೆಲ್ಲ ಮಣ್ಣಿನಲ್ಲಿಯೇ ಕಳೆದು ಮುಂಗಾರಿಗೆ ಒಡೆಯುವುವು; ಮರಿಗಳು ಎಳೆಯ ಜೋಳ, ಸಜ್ಜೆಗಳ ಎಲೆಗಳನ್ನು ತಿಂದು ಬೆಳೆಯುವುವು. ಹಾರಲಾರದ ಹುಳುವಾದುದರಿಂದ ಹುಟ್ಟಿದೆಡೆಯಿಂದ ಬಹುದೂರ ಹೋಗದು. ರೈತನಿಗೆ ಇರುವ ಅನುಕೂಲವೇ ಇದು. ಬೇಸಗೆಯಲ್ಲಿ ಆಳವಾಗಿ ಉತ್ತರೆ ಮೊಟ್ಟೆಗಳು ಮೇಲೆ ಬಂದು ಬಿಸಿಲಿಗೆ ಒಣಗುವುವು, ಹಕ್ಕಿಗಳ ಪಾಲಾಗುವುವು. ಮರಿಗಳು ಸಣ್ಣವಾಗಿರುವಾಗ, ಬಿದಿರಿನ ಚೌಕಟ್ಟಿಗೆ ಕಟ್ಟಿದ ಬಟ್ಟೆಯ ಚೀಲವನ್ನು ಪೈರಿನ ಮೇಲೆ ಬೀಸಿ ಹಿಡಿಯಬಹುದು.

ಆದರೆ ಒಬ್ಬನು ಉತ್ತು ನೆರೆಯವನು ಬೀಳುಬಿಟ್ಟರೆ, ಆ ಬೀಳಿನಿಂದ ಮರಿಗಳು ಕುಪ್ಪಳಿಸಿ ಬರುವುವು. ಊರಿನ ಮುಖಂಡರೂ ಜಮೀನುದಾರರೂ ಕೂಡಿ ಎಲ್ಲ ಹೊಲಗಳನ್ನೂ ಒಂದೇ ಕಾಲಕ್ಕೆ ಉಳುಮೆ ಮಾಡಿಸತಕ್ಕದ್ದು. ಬದುಗಳಿಗೆ ನೇಗಿಲು ತಾಗದಷ್ಟೆ. ಮುಂಗಾರು ಬಿದ್ದ ಮೇಲೆ ಅವುಗಳ ಹುಲ್ಲನ್ನು ಮೊದಲು ನೋಡಬೇಕು.