ಸಸಿ ನೆಟ್ಟ ಹುಡುಗರ ಕೈಗೆ ಬೋರಿನ ಲೆಕ್ಕದ ಪುಸ್ತಕವನ್ನೂ ಕೊಡಿ

ಜೂನ್ 5 ಬಂತೆಂದರೆ ಶಾಲೆಗಳಲ್ಲಿ ಪರಿಸರ ದಿನ. ಒಂದು ಭಾಷಣ, ಒಂದು ಜಾಥಾ, ಒಂದು ಸಸಿ, ಅದರ ಸುತ್ತ ಹತ್ತು ಜನ ನಿಂತ ಫೋಟೊ. ಜುಲೈ ಮೊದಲ ವಾರ ವನಮಹೋತ್ಸವಕ್ಕೆ ಮತ್ತೆ ಅದೇ. ಎಷ್ಟೋ ಊರುಗಳಲ್ಲಿ ಹೋದ ವರ್ಷದ ಗುಂಡಿಯಲ್ಲೇ ಈ ವರ್ಷದ ಸಸಿ ಕೂರುತ್ತೆ, ಯಾಕಂದ್ರೆ ಹೋದ ವರ್ಷದ್ದು ಮಾರ್ಚ್ ಹೊತ್ತಿಗೇ ಒಣಗಿರುತ್ತೆ. ಸಸಿ ನೆಡೋದು ತಪ್ಪು ಅಂತಲ್ಲ. ಆದರೆ ನಮ್ಮ ಬಯಲುಸೀಮೆಯಲ್ಲಿ ಪರಿಸರದ ದೊಡ್ಡ ತೊಂದರೆ ಕಣ್ಣಿಗೆ ಬೀಳುವುದಿಲ್ಲ, ಅದು ನೆಲದ ಕೆಳಗಿದೆ. ಅದನ್ನು ಕಣ್ಣಿಗೆ ಕಾಣುವಂತೆ ಮಾಡುವ ಕೆಲಸವನ್ನು ನಿಮ್ಮ ಮನೆಯಲ್ಲಿ ಹೈಸ್ಕೂಲು, ಪಿಯುಸಿ ಓದುತ್ತಿರುವ ತಮ್ಮನೋ ತಂಗಿಯೋ ಮಾಡಬಹುದು.

ಕೋಲಾರ, ಚಿಕ್ಕಬಳ್ಳಾಪುರದಂಥ ಜಿಲ್ಲೆಗಳಲ್ಲಿ ಒಂದು ವರ್ಷಕ್ಕೆ ಇಂಗುವ ನೀರಿಗಿಂತ ಮೇಲೆತ್ತುವ ನೀರೇ ಹೆಚ್ಚು. ಕೇಂದ್ರ ಅಂತರ್ಜಲ ಮಂಡಳಿ ಇವನ್ನು ಅತಿಬಳಕೆಯ ಪಟ್ಟಿಯಲ್ಲಿಟ್ಟಿದೆ. ಇಲ್ಲಿ ಕೆಳಗಿರುವುದು ಗಟ್ಟಿ ಕಲ್ಲು. ನೀರು ನಿಲ್ಲುವುದು ಮೇಲಿನ ಶಿಥಿಲವಾದ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆಯಾಗುತ್ತಾ ಹೋಗುತ್ತದೆ. ಸಾವಿರ ಅಡಿ ಕೊರೆಸಿದರೂ ಸಿಕ್ಕೇ ಸಿಗುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಸಿಕ್ಕಿದರೂ ಫ್ಲೋರೈಡ್ ಹೆಚ್ಚಿರಬಹುದು, ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿ.ಗ್ರಾಂ ದಾಟಬಾರದು. ಇಷ್ಟಾದರೂ ಬೋರು ಬತ್ತಿದಾಗ ನಾವು ಮೊದಲು ಫೋನ್ ಮಾಡೋದು ಬೋರ್ ಲಾರಿಯವರಿಗೇ. ಸಾಲದ ಮೇಲೆ ಸಾಲ.

ಬೋರು ಒಂದೇ ದಿನದಲ್ಲಿ ಬತ್ತುವುದಿಲ್ಲ. ತಿಂಗಳುಗಟ್ಟಲೆ ಮೊದಲೇ ಸುಳಿವು ಕೊಡುತ್ತಿರುತ್ತದೆ, ಅದನ್ನು ನಾವು ಬರೆದಿಡುವುದಿಲ್ಲ ಅಷ್ಟೆ.

ಡ್ರಮ್ಮು ಮತ್ತು ಸ್ಟಾಪ್‌ವಾಚ್

200 ಲೀಟರಿನ ಡ್ರಮ್ಮು ಹೊಲದಲ್ಲಿ ಇದ್ದೇ ಇರುತ್ತದೆ. ಮೋಟರು ಹಾಕಿ ಒಂದು ಗಂಟೆ ಓಡಲಿ, ಮೊದಲ ಹತ್ತು ನಿಮಿಷದ ನೀರು ನಂಬಿ ಕೆಡಬೇಡಿ. ಆಮೇಲೆ ಡೆಲಿವರಿ ಪೈಪನ್ನು ಡ್ರಮ್ಮಿಗೆ ಬಿಟ್ಟು, ಫೋನಿನ ಸ್ಟಾಪ್‌ವಾಚ್ ಒತ್ತಿ. ತುಂಬಲು ಎಷ್ಟು ಸೆಕೆಂಡು ಹಿಡಿಯಿತು ಅಂತ ತಾರೀಖಿನ ಸಮೇತ ಪುಸ್ತಕದಲ್ಲಿ ಬರೆಯಲಿ. ಹದಿನೈದು ದಿನಕ್ಕೊಮ್ಮೆ ಸಾಕು. ಗಂಟೆಗೆ ಎಷ್ಟು ಲೀಟರು ಅಂತ ತಿಳಿಯಲು 7,20,000ವನ್ನು ಆ ಸೆಕೆಂಡುಗಳಿಂದ ಭಾಗಿಸಿದರಾಯಿತು. ಎಂಟನೇ ಕ್ಲಾಸಿನ ಹುಡುಗಿ ಸಲೀಸಾಗಿ ಮಾಡುವ ಲೆಕ್ಕ.

ಇದರಿಂದ ಏನು ಗೊತ್ತಾಗುತ್ತೆ ನೋಡಿ. ಡಿಸೆಂಬರಿನಲ್ಲಿ ಡ್ರಮ್ಮು 2 ನಿಮಿಷಕ್ಕೆ ತುಂಬಿತು ಅಂದುಕೊಳ್ಳಿ, ಅಂದರೆ ಗಂಟೆಗೆ 6,000 ಲೀಟರು. ತ್ರೀಫೇಸ್ ಕರೆಂಟು ದಿನಕ್ಕೆ 7 ಗಂಟೆ ಸಿಕ್ಕರೆ 42,000 ಲೀಟರು. ಬೇಸಿಗೆಯಲ್ಲಿ ಬೆಳೆದು ನಿಂತ ತರಕಾರಿಗೆ ದಿನಕ್ಕೆ 5 ಮಿ.ಮೀ. ನೀರು ಅಂತ ಹಿಡಿಯಿರಿ. ಒಂದು ಎಕರೆಗೆ 1 ಮಿ.ಮೀ. ಅಂದರೆ ಸುಮಾರು 4,000 ಲೀಟರು, ಹಾಗಾಗಿ 5 ಮಿ.ಮೀ.ಗೆ 20,000. ಎರಡೆಕರೆಗೆ ಧಾರಾಳವಾಗಿ ಆಗುತ್ತೆ ಅಂತ ಟೊಮೆಟೊ ನಾಟಿ ಮಾಡಿಬಿಡುತ್ತೀರಿ.

ಮಾರ್ಚಿಗೆ ಅದೇ ಡ್ರಮ್ಮು ತುಂಬಲು 3 ನಿಮಿಷ ಹಿಡಿದರೆ? ಗಂಟೆಗೆ 4,000, ದಿನಕ್ಕೆ 28,000 ಲೀಟರು. ಈಗ ನೀರು ಸಾಲುವುದು ಒಂದೆಕರೆ 15 ಗುಂಟೆಗೆ ಮಾತ್ರ. ಉಳಿದ 25 ಗುಂಟೆಯ ಸಸಿ, ಮಲ್ಚಿಂಗ್ ಶೀಟು, ಕಂಬ, ಗೊಬ್ಬರ ಎಲ್ಲ ಖರ್ಚಾಗಿರುತ್ತೆ. ಗಿಡ ಹೂ ಕಚ್ಚುವ ಹೊತ್ತು ಬೇರೆ. ಹೊಸ ಬೋರು ಕೊರೆಸೋಣ ಅನ್ನುವ ಯೋಚನೆ ತಲೆಗೆ ಬರುವುದು ಇದೇ ಘಳಿಗೆಯಲ್ಲಿ. ಹೋದ ವರ್ಷದ ಡಿಸೆಂಬರು, ಮಾರ್ಚಿನ ಲೆಕ್ಕ ಪುಸ್ತಕದಲ್ಲಿ ಇದ್ದಿದ್ದರೆ ಈ ವರ್ಷ ಒಂದೂಕಾಲು ಎಕರೆಗೇ ನಿಲ್ಲಿಸಿ, ಉಳಿದದ್ದಕ್ಕೆ ಹುರುಳಿಯನ್ನೋ ಮೇವಿನ ಜೋಳವನ್ನೋ ಹಿಂಗಾರಿನ ಹಸಿಯಲ್ಲೇ ಬಿತ್ತಬಹುದಿತ್ತು. ಇಲ್ಲಿನ ಅಂಕಿಗಳು ಬರೀ ಉದಾಹರಣೆ, ನಿಮ್ಮ ಬೋರಿನದ್ದು ನೀವೇ ಅಳೆಯಬೇಕು.

ಮಳೆ ಅಳೆಯೋದು ಇನ್ನೂ ಸುಲಭ. ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ, ತಳ ಸಪಾಟಾಗಿರುವ ಡಬ್ಬ, ಜೊತೆಗೆ ಸ್ಕೂಲಿನ ಸ್ಕೇಲು. ಬಯಲಲ್ಲಿ ಇಡಿ. ಪಕ್ಕದಲ್ಲಿ ಮರವೋ ಮನೆಯೋ ಇದ್ದರೆ ಅದರ ಎತ್ತರದ ಎರಡು ಪಟ್ಟಾದರೂ ದೂರವಿರಲಿ. ಬೆಳಿಗ್ಗೆ ಎಂಟೂವರೆಗೆ ನೋಡಿ, ಬರೆದು, ಚೆಲ್ಲಿ. ಹವಾಮಾನ ಇಲಾಖೆಯವರೂ ಇದೇ ಹೊತ್ತಿಗೆ ಅಳೆಯುತ್ತಾರೆ, ಅವರ ಲೆಕ್ಕದಲ್ಲಿ 2.5 ಮಿ.ಮೀ. ಬಿದ್ದರೆ ಮಾತ್ರ ಮಳೆಯ ದಿನ. ಪಂಚಾಯಿತಿ ಮಟ್ಟದಲ್ಲಿ ಸರ್ಕಾರದ ಮಳೆಮಾಪಕ ಇದೆಯಲ್ಲ ಅನ್ನಬಹುದು. ಇದೆ, ಒಳ್ಳೆಯದೇ. ಆದರೆ ಊರಿನ ಮೂಡಲ ದಿಕ್ಕಿಗೆ ಬಿದ್ದ ಮಳೆ ಪಡುವಲಿಗೆ ಬೀಳದ್ದನ್ನು ನೀವೇ ಎಷ್ಟು ಸಲ ನೋಡಿಲ್ಲ?

ತೆರೆದ ಬಾವಿ ಇದ್ದರೆ ಹಗ್ಗಕ್ಕೆ ಕಲ್ಲು ಕಟ್ಟಿ, ಮೀಟರಿಗೊಂದು ಗಂಟು ಹಾಕಿ, ಬೆಳಿಗ್ಗೆ ಮೋಟರು ಹಾಕುವ ಮೊದಲು ನೀರಿನ ಮಟ್ಟ ನೋಡಬಹುದು. ಆದರೆ ಕಟ್ಟೆಯಿಲ್ಲದ ಬಾವಿಯ ಹತ್ತಿರ ಮಕ್ಕಳನ್ನು ಕಳಿಸಲೇಬೇಡಿ. ಅದು ನೀವೇ ಮಾಡುವ ಕೆಲಸ, ಅವರು ದೂರ ಕೂತು ಬರೆದುಕೊಳ್ಳಲಿ.

ಇದೇನೂ ಹೊಸ ಐಡಿಯಾ ಅಲ್ಲ. ಪಕ್ಕದ ಅನಂತಪುರ, ಚಿತ್ತೂರು ಸೇರಿದಂತೆ ಆಗಿನ ಆಂಧ್ರದ ಏಳು ಬರಪೀಡಿತ ಜಿಲ್ಲೆಗಳಲ್ಲಿ ರೈತರೇ ಮಳೆ, ಬೋರಿನ ಮಟ್ಟ ಅಳೆದು, ಹಿಂಗಾರಿಗೆ ಮೊದಲು ಊರವರೆಲ್ಲ ಕೂತು ನೀರಿನ ಬಜೆಟ್ ಮಾಡುತ್ತಿದ್ದರು. ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ‘ಭೂಜಲ್ ಜಾನ್‌ಕಾರ್’ ಅಂತ ಕರೆಸಿಕೊಳ್ಳುವ ಹಳ್ಳಿಯವರು ಟೇಪು ಹಿಡಿದು ಬಾವಿ ಅಳೆಯುತ್ತಾರೆ. ಇಂಥ ಕೆಲಸದಲ್ಲಿ ಬಲವಂತದಿಂದ ಯಾರ ಬೋರನ್ನೂ ನಿಲ್ಲಿಸಲಿಲ್ಲ. ಲೆಕ್ಕ ಕಣ್ಣೆದುರು ಇದ್ದಾಗ ಬೆಳೆ ಆರಿಸುವವರೇ ಯೋಚನೆ ಮಾಡುತ್ತಾರೆ ಅನ್ನುವುದೇ ಅದರ ಹಿಂದಿನ ನಂಬಿಕೆ.

ಇನ್ನೊಂದು ಕೆಲಸವನ್ನೂ ಓದುವ ಹುಡುಗರು ಮಾಡಬಹುದು, ಇದು ಜೀವದ ವಿಷಯ. ಊರಲ್ಲಿ ಫೇಲಾದ ಬೋರುಗಳ ಬಾಯಿ ಮುಚ್ಚಿದೆಯಾ ಅಂತ ಪಟ್ಟಿ ಮಾಡುವುದು. ಯಾವ ಸರ್ವೆ ನಂಬರು, ಯಾರ ಹೊಲ, ಮುಚ್ಚಳ ಇದೆಯೋ ಇಲ್ಲವೋ ಅಂತ ದೊಡ್ಡವರನ್ನು ಕೇಳಿ ಬರೆದರೆ ಸಾಕು, ಹತ್ತಿರ ಹೋಗಿ ಇಣುಕುವುದು ಬೇಡ. ಬಿಟ್ಟುಬಿಟ್ಟ ಕೊಳವೆಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಗೋಣಿಚೀಲ ತುರುಕಿ ಮೇಲೊಂದು ಚಪ್ಪಡಿ ಎಳೆದರೆ ಮುಚ್ಚಿದಂತಾಗಲಿಲ್ಲ. ಪಟ್ಟಿಯನ್ನು ಗ್ರಾಮಸಭೆಯಲ್ಲಿ ಪಿಡಿಒ ಕೈಗೆ ಕೊಟ್ಟು, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಲ್ಲಿ ಹೇಳಿದ್ದು ಮರೆತುಹೋಗುತ್ತೆ.

ಮೊದಲ ಎರಡು ತಿಂಗಳು ಪುಸ್ತಕದಿಂದ ಏನೂ ಉಪಯೋಗ ಕಾಣುವುದಿಲ್ಲ. ಅಪ್ಪ ‘ನಮ್ಮ ಬೋರು ನಮಗೆ ಗೊತ್ತಿಲ್ವೇನೋ’ ಅಂತ ನಗಬಹುದು. ನಗಲಿ ಬಿಡಿ. ಪ್ರತಿ ಪುಟದ ಫೋಟೊ ತೆಗೆದು ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ, ಪುಸ್ತಕ ಮಳೆಗೆ ನೆನೆದರೂ ಲೆಕ್ಕ ಉಳಿಯುತ್ತದೆ. ಮುಂದಿನ ಸಲ ನರ್ಸರಿಗೆ ಸಸಿ ಬುಕ್ ಮಾಡಲು ಫೋನ್ ಮಾಡುವ ಹಿಂದಿನ ರಾತ್ರಿ ಆ ಪುಟಗಳನ್ನು ಅಪ್ಪನ ಮುಂದಿಟ್ಟು, ಎಷ್ಟು ಎಕರೆ ಅಂತ ಕೇಳಿ.